ರೇಸ್ ಮುಗಿದ ಮೇಲಿನ ಹದಿನಾರು ಗಂಟೆ

(ಬೆಂಗಳೂರಿನಲ್ಲಿ ಸೈಕಲ್ ಸವಾರರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಮುಕ್ಕಾಲು ಪಾಲು ಜನ ಸವಾರರೇ. ನಂದಿ ಬೆಟ್ಟದ ತಿರುವುಗಳು ನಿಮಗೆ ಬಾಯಿಪಾಠ. ಆದರೆ ಇವತ್ತು ನಾನು ಮಾತಾಡುವುದು ತುಳಿಯುವವರ ಬಗ್ಗೆ ಅಲ್ಲ, ಅವರ ಜೊತೆ ಹೋಗುವವರ ಬಗ್ಗೆ. ಹಲವು ದಿನ ನಡೆಯುವ ಮೌಂಟನ್ ಬೈಕ್ ರೇಸ್‌ನಲ್ಲಿ ಕ್ರೂ ಅಂತೀವಲ್ಲ, ಆ ಕೆಲಸದ ಬಗ್ಗೆ. ನಾನು ಈ ಕೆಲಸವನ್ನು ತುಂಬ ಪ್ರೀತಿಯಿಂದ ಮಾಡಿದ್ದೇನೆ. ಇದರ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಕಡಿಮೆ. ಹಾಗಾಗಿ ಕರೆದ ತಕ್ಷಣ ಒಪ್ಪಿಕೊಂಡೆ.

ಉದಾಹರಣೆಗೆ ಒಂದೇ ರೇಸ್ ಇಟ್ಟುಕೊಳ್ಳುತ್ತೇನೆ. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್. ಕೆವಿನ್ ವರ್ಮಾಕ್ ಎನ್ನುವವರು ಕೋಸ್ಟರಿಕಾದ ಲಾ ರೂಟಾ ರೇಸ್‌ನಲ್ಲಿ ಸೈಕಲ್ ತುಳಿದು ಬಂದು, ಅಂಥದ್ದೊಂದು ತಮ್ಮ ನಾಡಲ್ಲೂ ಇರಬೇಕು ಅಂತ 2004ರಲ್ಲಿ ಶುರು ಮಾಡಿದ್ದು. ವೆಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಒಟ್ಟು ಎಂಟು ದಿನ. ಮೊದಲ ದಿನ ಪ್ರೊಲಾಗ್ ಅನ್ನುವ ಚಿಕ್ಕದೊಂದು ಓಟ, ಆಮೇಲೆ ದಿನಕ್ಕೊಂದರಂತೆ ಏಳು ಸ್ಟೇಜ್. ದಾರಿ ವರ್ಷ ವರ್ಷಕ್ಕೂ ಬದಲಾಗುತ್ತದೆ. ಒಂದು ವರ್ಷ ಟುಲ್ಬಾಖ್ ಕಡೆ, ಇನ್ನೊಂದು ವರ್ಷ ಹರ್ಮಾನಸ್ ಕಡೆ. ಒಟ್ಟು ದೂರ 600ರಿಂದ 700 ಕಿಲೋಮೀಟರ್, ಹತ್ತುವ ಎತ್ತರ ಸುಮಾರು 15,000 ಮೀಟರ್. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಸಮುದ್ರ ಮಟ್ಟದಿಂದ ಅದರ ತುದಿಗೆ ದಿನಕ್ಕೊಂದು ಸಲದಂತೆ ಎಂಟು ದಿನ ಹತ್ತಿದ ಹಾಗೆ. ಅದೂ ಡಾಂಬರಿನ ಮೇಲಲ್ಲ. ಕಲ್ಲು, ಮರಳು, ಮುಳ್ಳಿನ ಮೇಲೆ.

ಈಗ ಗಡಿಯಾರ ನೋಡೋಣ. ಸ್ಟೇಜ್ ಶುರುವಾಗುವುದು ಬೆಳಗ್ಗೆ ಏಳರ ಆಸುಪಾಸು. ನಮ್ಮ ನಿಮ್ಮಂಥ ಸವಾರರು ಬಂದು ಮುಟ್ಟುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಅಲ್ಲಿಂದ ಮರುದಿನ ಬೆಳಗ್ಗೆ ಏಳರವರೆಗೆ ಹದಿನಾರು ಗಂಟೆ. ಬೆಟ್ಟದ ಮೇಲಿನ ಎಂಟು ಗಂಟೆಯಲ್ಲಿ ಕ್ರೂ ಮಾಡಬಹುದಾದದ್ದು ಬಹಳ ಕಡಿಮೆ. ನಿಯಮವೇ ಹಾಗಿದೆ. ದಾರಿಯಲ್ಲಿ ಎಲ್ಲಿ ಬೇಕಾದರೂ ನಿಂತು ಚಕ್ರ ಕೊಡುವಂತಿಲ್ಲ, ಬಾಟಲ್ ಕೊಡುವಂತಿಲ್ಲ. ಗೊತ್ತು ಮಾಡಿದ ಜಾಗದಲ್ಲಿ ಮಾತ್ರ. ಸವಾರರು ಒಬ್ಬರಿಗೊಬ್ಬರು ಸಹಾಯ ಮಾಡಿಕೊಳ್ಳಬಹುದು. ಅದಕ್ಕೇ ದೊಡ್ಡ ತಂಡಗಳು ಮುಖ್ಯ ಜೋಡಿಯ ಹಿಂದೆ ಇನ್ನೊಂದು ಬ್ಯಾಕಪ್ ಜೋಡಿಯನ್ನೇ ರೇಸಿಗೆ ಇಳಿಸುವುದುಂಟು. ಮುಂದಿನವರ ಚಕ್ರ ಒಡೆದರೆ ಹಿಂದಿನವರು ತಮ್ಮದನ್ನು ಬಿಚ್ಚಿ ಕೊಡುತ್ತಾರೆ. ನಮಗೆ ಆ ಅನುಕೂಲ ಇಲ್ಲ. ನಮ್ಮ ಕೈಯಲ್ಲಿರುವುದು ಆ ಹದಿನಾರು ಗಂಟೆ ಮಾತ್ರ.

ನಾನು ಹೇಳಬೇಕಾದ ಮಾತು ಇಷ್ಟೇ. ಆ ಹದಿನಾರು ಗಂಟೆಯಲ್ಲಿ ಸವಾರ ಒಂದೇ ಒಂದು ತೀರ್ಮಾನವನ್ನೂ ತೆಗೆದುಕೊಳ್ಳುವ ಹಾಗಿರಬಾರದು. ಏನು ತಿನ್ನಲಿ, ಎಲ್ಲಿ ಮಲಗಲಿ, ಯಾವ ಟೈರ್ ಹಾಕಲಿ, ಚಾರ್ಜರ್ ಎಲ್ಲಿ, ಟವೆಲ್ ಎಲ್ಲಿ, ಯಾವುದೂ ಅವರ ತಲೆಗೆ ಬರಬಾರದು. ಏಳು ಗಂಟೆ ಬಿಸಿಲಲ್ಲಿ ತುಳಿದು ಬಂದವರ ತಲೆ ಚಿಕ್ಕ ಆಯ್ಕೆಗೂ ಬಳಲುತ್ತದೆ. ಆ ಭಾರ ಪೂರ್ತಿ ನಮ್ಮ ಮೇಲಿರಬೇಕು.

ಇದು ಒಬ್ಬರ ರೇಸ್ ಅಲ್ಲ, ಜೋಡಿಯ ರೇಸ್. ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರ ಬೀಳುವಂತಿಲ್ಲ, ಬಿದ್ದರೆ ದಂಡ. ಸಮಯ ಲೆಕ್ಕಕ್ಕೆ ಬರುವುದು ಇಬ್ಬರಲ್ಲಿ ಎರಡನೆಯವರು ಗೆರೆ ದಾಟಿದಾಗ. ಅಂದರೆ ಕ್ರೂ ನೋಡಿಕೊಳ್ಳಬೇಕಾದ್ದು ಎರಡು ದೇಹ, ಎರಡು ಸೈಕಲ್, ಮತ್ತು ಆ ಇಬ್ಬರ ನಡುವಿನ ಸಂಬಂಧ. ಆ ಮೂರನೆಯದೇ ಎಲ್ಲಕ್ಕಿಂತ ಬೇಗ ಕೆಡುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಫಿನಿಶ್ ಲೈನ್. ಅಲ್ಲಿನ ಮೊದಲ ಒಂದು ಗಂಟೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೆರಳಲ್ಲಿ ಎರಡು ಕುರ್ಚಿ ಹಾಕಿರಬೇಕು. ಸವಾರರು ಗೆರೆ ದಾಟಿದ ಮೇಲೆ ನಮ್ಮನ್ನು ಹುಡುಕಬಾರದು. ಎಂಟೂ ದಿನ ಒಂದೇ ಕಡೆ, ಉದಾಹರಣೆಗೆ ಗೇಟಿನ ಎಡಗಡೆ ಅಂತ ಮೊದಲೇ ಹೇಳಿರಬೇಕು. ಬಂದ ತಕ್ಷಣ "ಹೇಗಿತ್ತು?" ಅಂತ ಕೇಳಬೇಡಿ. ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಗೆ ಆ ಹೊತ್ತಲ್ಲಿ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಸೈಕಲ್ ಕೈಗೆ ತಗೊಳ್ಳಿ, ಹೆಲ್ಮೆಟ್ ಬಿಚ್ಚಿ, ಗ್ಲೌಸ್ ತೆಗೆಯಿರಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳಲು ಕೊಡಿ. ಕೈ ತೊಳೆಸಿ. ಆಮೇಲೆ ಬಾಟಲ್. ಮಾತು ಅವರಾಗಿಯೇ ಶುರು ಮಾಡುತ್ತಾರೆ.

ಸೈಕಲ್ ಬಗ್ಗೆ ಮಾತ್ರ ಮೂರು ಪ್ರಶ್ನೆ ಆಗಲೇ ಕೇಳಿಬಿಡಬೇಕು, ಯಾಕೆಂದರೆ ಸ್ನಾನ ಮಾಡಿ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಗೇರ್ ಎಲ್ಲಾದರೂ ಹಾರಿತಾ? ಬ್ರೇಕ್ ಲಿವರ್ ಮೊದಲಿಗಿಂತ ಒಳಗೆ ಹೋಗುತ್ತಿದೆಯಾ? ಎಲ್ಲಾದರೂ ಸದ್ದು ಬರುತ್ತಿದೆಯಾ? ಉತ್ತರವನ್ನು ಒಂದು ತುಂಡು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಸೈಕಲ್‌ನ ಮೇಲಿನ ಅಡ್ಡ ಕೊಳವೆಗೇ (ಟಾಪ್ ಟ್ಯೂಬ್) ಅಂಟಿಸುತ್ತೇನೆ. "ಹಿಂದಿನ ಬ್ರೇಕ್ ಮೆತ್ತಗೆ. ಮೂರನೇ ಗೇರ್ ಹಾರುತ್ತೆ." ಅಷ್ಟೇ. ಆ ಸೈಕಲ್ ಯಾವ ಮೆಕ್ಯಾನಿಕ್ ಕೈಗೆ ಹೋದರೂ ಕಥೆ ಅದರ ಮೇಲೇ ಇರುತ್ತದೆ.

ನಂತರ ಚಡ್ಡಿ. ನಗಬೇಡಿ, ತುಂಬ ಗಂಭೀರವಾಗಿ ಹೇಳುತ್ತಿದ್ದೇನೆ. ಬೆವರಿನ ಸೈಕ್ಲಿಂಗ್ ಚಡ್ಡಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾ, ಗೆಳೆಯರ ಜೊತೆ ಮಾತಾಡುತ್ತಾ ಅರ್ಧ ಗಂಟೆ ಕೂತರೆ ಸ್ಯಾಡಲ್ ಸೋರ್, ಅಂದರೆ ಸೀಟು ತಾಗುವ ಜಾಗದ ಹುಣ್ಣು, ಶುರು. ತಿಕ್ಕಿದ ಚರ್ಮ, ಒದ್ದೆ, ಬಿಸಿ, ಬ್ಯಾಕ್ಟೀರಿಯಾ, ಇಷ್ಟಿದ್ದರೆ ಸಾಕು. ಎರಡನೇ ದಿನ ಕೆಂಪಾಗಿದ್ದದ್ದು ಐದನೇ ದಿನ ಕೂರಲಾಗದ ಗಾಯ ಆಗುತ್ತದೆ. ಎಷ್ಟು ದಿನವೋ ಅಷ್ಟು ಚಡ್ಡಿ ಇರಬೇಕು. ಒಗೆದು ಹಾಕಿಕೊಳ್ಳುತ್ತೇವೆ ಅನ್ನುವ ಲೆಕ್ಕ ಬೇಡ, ಇಬ್ಬನಿ ಬಿದ್ದರೆ ಬೆಳಗ್ಗೆ ಒಣಗಿರುವುದಿಲ್ಲ. ಫಿನಿಶ್‌ನಲ್ಲಿ ಮೊದಲ ಬಾಟಲ್ ಮುಗಿದ ತಕ್ಷಣ ನೇರ ಸ್ನಾನಕ್ಕೆ ಕಳಿಸಿ.

ಸ್ನಾನಕ್ಕೆ ಮೊದಲು ಒಂದು ತಕ್ಕಡಿ. ಬೆಳಗ್ಗೆ ಹೊರಡುವಾಗ ಮತ್ತು ಬಂದ ಮೇಲೆ, ಎರಡೂ ಸಲ ತೂಕ ನೋಡಿ ಬರೆದಿಡಬೇಕು. ಒಂದು ಕೆಜಿ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ ಲೆಕ್ಕ. ಸ್ವಲ್ಪ ಇಳಿಯುವುದು ಸಹಜ, ಸಂಜೆಯೊಳಗೆ ಉಪ್ಪಿನ ಜೊತೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಆದರೆ ತೂಕ ಏರಿದ್ದರೆ? ನಮ್ಮ ಜನ ಅದನ್ನು ಒಳ್ಳೆಯ ಸುದ್ದಿ ಅಂದುಕೊಳ್ಳುತ್ತಾರೆ. ಅಲ್ಲ. ಬೆವರಿದ್ದಕ್ಕಿಂತ ಜಾಸ್ತಿ ನೀರು ಕುಡಿದಿದ್ದಾರೆ, ರಕ್ತದಲ್ಲಿ ಸೋಡಿಯಂ ತೆಳುವಾಗುತ್ತಿದೆ ಅಂತ ಅರ್ಥ. ತಲೆನೋವು, ವಾಕರಿಕೆ, ಊದಿದ ಬೆರಳು, ತಡವರಿಸುವ ಮಾತು ಇದ್ದರೆ ಇನ್ನಷ್ಟು ನೀರು ಕುಡಿಸಲು ಹೋಗಬೇಡಿ. ನೇರ ಮೆಡಿಕಲ್ ಟೆಂಟಿಗೆ ಕರೆದುಕೊಂಡು ಹೋಗಿ. ನೀರು ಕಡಿಮೆಯಾದರೂ ತಲೆನೋವು, ಜಾಸ್ತಿಯಾದರೂ ತಲೆನೋವು. ಬೇರೆ ಮಾಡಿ ಹೇಳುವುದು ಆ ತಕ್ಕಡಿ.

ಔಷಧಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮಂಡಿ ನೋವು ಅಂತ ದಾರಿಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ಅಭ್ಯಾಸ ತುಂಬ ಜನಕ್ಕಿದೆ. ನೀರು ಕಳೆದುಕೊಂಡ, ದಣಿದ ದೇಹದಲ್ಲಿ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ. ಆರೋಗ್ಯವಂತರಿಗೂ ಅಪಾಯ. ರೇಸ್ ವಾರದಲ್ಲಿ ನೋವಿನ ಮಾತ್ರೆ ಕ್ರೂ ಬಳಿ ಇರಲಿ, ಡಾಕ್ಟರ್ ಕೇಳದೆ ಕೊಡಬೇಡಿ.

ಇನ್ನು ಹೊಟ್ಟೆ. ಸಾವಿರಕ್ಕೂ ಜಾಸ್ತಿ ಜನ ಟೆಂಟುಗಳ ಊರಲ್ಲಿ ಒಂದು ವಾರ ಒಟ್ಟಿಗೆ ಉಣ್ಣುತ್ತಾರೆ, ಒಂದೇ ಸಾಲು ಶೌಚಾಲಯ ಬಳಸುತ್ತಾರೆ. ಕಾಲು ಗಟ್ಟಿ ಇದ್ದವರೂ ಭೇದಿಯಿಂದ ಮನೆಗೆ ಹೋಗುತ್ತಾರೆ. ಭೇದಿ ಬರಲು ಇನ್ನೊಂದು ದಾರಿಯೂ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮಳೆಯಲ್ಲಿ ನಡೆದ ಒಂದು ಮೌಂಟನ್ ಬೈಕ್ ರೇಸ್ ಆದ ಮೇಲೆ ಇನ್ನೂರಕ್ಕೂ ಜಾಸ್ತಿ ಸವಾರರಿಗೆ ಭೇದಿ ಶುರುವಾಯಿತು. ಕಾರಣ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಅಡುಗೆಯಿಂದ ಬಂದದ್ದಲ್ಲ, ಕೆಸರಿನಿಂದ ಬಂದದ್ದು. ಮರುವರ್ಷ ವೇಲ್ಸ್‌ನಲ್ಲೂ ಹೀಗೇ ಆಯಿತು. ಅಲ್ಲಿ ದಾರಿ ಕುರಿ ಮೇಯುವ ಜಾಗದ ಮೇಲೆ ಹೋಗಿತ್ತು. ಮುಂದಿನ ಚಕ್ರ ಎರಚಿದ ಸಗಣಿ ಕೆಸರು ಬಾಟಲ್ ಮೂತಿಯ ಮೇಲೆ ಕೂರುತ್ತದೆ, ಅಲ್ಲಿಂದ ಬಾಯಿಗೆ. ಕೇಪ್ ಎಪಿಕ್ ದಾರಿಯೂ ಎಷ್ಟೋ ಕಡೆ ತೋಟ, ಹೊಲ, ಕುರಿ ಫಾರ್ಮುಗಳ ಮೂಲಕವೇ ಹೋಗುತ್ತದೆ.

ಹಾಗಾಗಿ ಮೂತಿಗೆ ಮುಚ್ಚಳ ಇರುವ ಬಾಟಲ್ ಕೊಡಿ. ಮಳೆ ಬಂದ ದಿನ ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿ. ಮೊದಲ ಗುಟುಕನ್ನು ಮೂತಿ ತೊಳೆಯಲು ಚಿಮ್ಮಿಸಿ ಆಮೇಲೆ ಕುಡಿಯಲು ಹೇಳಿ. ದಾರಿಯಲ್ಲಿ ಶಕ್ತಿಗೆ ಹೀರುವ ಸಿಹಿ ಜೆಲ್ ಪೊಟ್ಟಣವನ್ನು ಹಲ್ಲಿನಿಂದ ಕಿತ್ತು ತೆರೆಯುವ ಅಭ್ಯಾಸ ಬಿಡಿಸಿ. ನಾನು ಜೆಲ್‌ಗಳ ಮೂಲೆಯನ್ನು ರಾತ್ರಿಯೇ ಕತ್ತರಿಯಲ್ಲಿ ಸ್ವಲ್ಪ ಸೀಳಿ ಇಡುತ್ತೇನೆ, ಬೆರಳಿಗೇ ಕಿತ್ತು ಬರುತ್ತದೆ. ಖಾಲಿ ಬಾಟಲ್‌ಗಳನ್ನು ಪ್ರತಿ ಸಂಜೆ ಬಿಸಿ ನೀರು, ಸೋಪಿನಲ್ಲಿ ತೊಳೆಯಲೇಬೇಕು. ಸುಮ್ನೆ ಒಳಗೆ ನೀರು ಅಲ್ಲಾಡಿಸಿ ಚೆಲ್ಲಿದರೆ ಸಾಲದು.

ಈಗ ಸೈಕಲ್. ಇಲ್ಲಿರುವ ಮೆಕ್ಯಾನಿಕ್‌ಗಳಿಗೆ ನಾನು ಪಾಠ ಹೇಳಬೇಕಾಗಿಲ್ಲ. ತೊಳೆಯುವಾಗ ಪ್ರೆಷರ್ ಗನ್ ಬೇರಿಂಗ್‌ಗೆ ಹಿಡಿಯಬೇಡಿ, ಚೈನಿನ ಎಣ್ಣೆ ಬ್ರೇಕ್ ಡಿಸ್ಕಿಗೆ ಹಾರದಂತೆ ನೋಡಿಕೊಳ್ಳಿ, ಚೈನ್ ಸವೆತ ಗೇಜ್‌ನಲ್ಲಿ ದಿನಾ ಅಳೆಯಿರಿ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎರಡು ಒಯ್ಯಿರಿ. ಪ್ರತಿ ಫ್ರೇಮಿನದ್ದೂ ಬೇರೆ ಬೇರೆ, ಟುಲ್ಬಾಖ್‌ನಂಥ ಚಿಕ್ಕ ಊರಲ್ಲಿ ನಿಮ್ಮದು ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಗೇರ್ ಎಲೆಕ್ಟ್ರಾನಿಕ್ ಆಗಿದ್ದರೆ ರಾತ್ರಿ ಬ್ಯಾಟರಿ ಚಾರ್ಜ್ ಆಗಲೇಬೇಕು. ಒಂದು ಖುಷಿಯ ವಿಷಯ ಏನೆಂದರೆ ಅಲ್ಲಿನ ಮೂರು ಗುಂಡು ಪಿನ್ನಿನ ದೊಡ್ಡ ಪ್ಲಗ್ ನಮ್ಮ ಮನೆಯ ಗೀಸರ್ ಪ್ಲಗ್ಗಿನ ಥರದ್ದೇ. ಮನೆಯಲ್ಲಿರುವ ಪವರ್ ಪ್ಲಗ್ಗಿನ ಎಕ್ಸ್‌ಟೆನ್ಶನ್ ಬೋರ್ಡ್ ಒಂದನ್ನು ಬ್ಯಾಗಿಗೆ ಹಾಕಿಕೊಂಡರೆ ಸಾಕು. ಕರೆಂಟ್ ಕತೆಯೂ ನಮಗೆ ಹೊಸದಲ್ಲ. 2023ರಲ್ಲಿ ಆ ದೇಶ ದಿನಕ್ಕೆ ಹಲವು ಗಂಟೆ ಲೋಡ್ ಶೆಡ್ಡಿಂಗ್ ಅನುಭವಿಸಿತು, ಅಲ್ಲಿಯೂ ಅದಕ್ಕೆ ಅದೇ ಹೆಸರು. ದೊಡ್ಡ ಪವರ್ ಬ್ಯಾಂಕ್ ಇಲ್ಲದೆ ಹೋಗಬೇಡಿ.

ಆದರೆ ಟೈರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಲ್ಲಿನ ಒಣ ಹೊಲದ ದಾರಿಗಳಲ್ಲಿ ಒಂದು ಮುಳ್ಳಿದೆ. ಮೊದಲ ಸಲ ಟೈರಿನಿಂದ ಕಿತ್ತು ಅಂಗೈಯಲ್ಲಿಟ್ಟು ನೋಡಿದಾಗ ನನಗೆ ತುಂಬ ಪರಿಚಿತ ಅನ್ನಿಸಿತು. ಅದು ನಮ್ಮ ನೆಗ್ಗಿಲು ಮುಳ್ಳು! ಅದೇ ಗಿಡ. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಎರಡು ಜಿಲ್ಲೆ ಕರ್ನಾಟಕಕ್ಕೆ ಎಷ್ಟೊಂದು ಸೈಕಲ್ ಪಟುಗಳನ್ನು ಕೊಟ್ಟಿವೆ, ಅಲ್ವಾ? ಒಣಗಿದ ಕಾಯಿ ಒಡೆದು ಬೀಳುವ ಚೂರಿಗೆ ಗಟ್ಟಿ ಮುಳ್ಳುಗಳಿರುತ್ತವೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿ ನಿಲ್ಲುತ್ತದೆ.

ಟ್ಯೂಬ್ ಹಾಕಿದ ಚಕ್ರ ಅಲ್ಲಿ ನಿಲ್ಲುವುದಿಲ್ಲ. ಟ್ಯೂಬ್‌ಲೆಸ್ ಟೈರು, ಒಳಗೆ ಸೀಲಂಟ್ ಎಂಬ ದ್ರವ. ತೂತಾದಲ್ಲಿ ಸೀಲಂಟ್ ನುಗ್ಗಿ, ಅದರಲ್ಲಿರುವ ಲೇಟೆಕ್ಸ್ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಪ್ರತಿ ತೂತು ಮುಚ್ಚಿದಾಗಲೂ ಒಳಗಿನ ಸೀಲಂಟ್ ಸ್ವಲ್ಪ ಖರ್ಚಾಗುತ್ತದೆ, ಬಿಸಿಲಿಗೆ ಇನ್ನಷ್ಟು ಒಣಗುತ್ತದೆ. ಮೊದಲ ದಿನ ಹಾಕಿದ್ದು ಎಂಟನೇ ದಿನಕ್ಕೆ ಇರುತ್ತದೆ ಅಂದುಕೊಳ್ಳುವುದೇ ತಪ್ಪು. ನಾನು ಪ್ರತಿ ಸಂಜೆ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ದ್ರವ ಓಡಾಡುವ ಸದ್ದು ಕೇಳಬೇಕು. ಕೇಳದಿದ್ದರೆ ವಾಲ್ವ್ ಕೋರ್ ಬಿಚ್ಚಿ ತುಂಬಿಸುತ್ತೇನೆ. ಆಮೇಲೆ ಟೈರನ್ನು ಅಂಗುಲ ಅಂಗುಲವಾಗಿ ಬೆರಳಲ್ಲಿ ಸವರಿ ನೋಡುವುದು. ಮುಳ್ಳು ಸಿಕ್ಕಿದರೆ ಕೀಳಬೇಕು, ಆದರೆ ಸೀಲಂಟ್ ತುಂಬಿಸಿದ ಮೇಲೆ ಕೀಳಬೇಕು. ಕಿತ್ತ ಜಾಗವನ್ನು ಕೆಳಗೆ ಮಾಡಿ ಚಕ್ರ ತಿರುಗಿಸಿ ಇಡಬೇಕು. ಗಾಳಿ ನಿಂತಿದೆಯಾ ಅಂತ ಮಲಗುವ ಮುಂಚೆ ಒಂದು ಸಲ, ಬೆಳಗ್ಗೆ ಎದ್ದು ಒಂದು ಸಲ ಗೇಜ್ ಇಟ್ಟು ನೋಡಬೇಕು. ಈ ಕೆಲಸಕ್ಕೆ ಎರಡು ಸೈಕಲ್‌ಗೆ ಒಂದು ಗಂಟೆ ಬೇಕು. ಇಡೀ ದಿನದಲ್ಲಿ ನನಗೆ ಅತ್ಯಂತ ಇಷ್ಟವಾದ ಗಂಟೆ ಅದೇ.

ಟೈರಿನ ಪಕ್ಕದ ಗೋಡೆ ಕಲ್ಲಿಗೆ ಸೀಳಿದರೆ ಸೀಲಂಟ್ ಕೆಲಸ ಮಾಡುವುದಿಲ್ಲ. ಅದಕ್ಕೆ ಪ್ಲಗ್, ಅಂದರೆ ತೂತಿಗೆ ತುರುಕುವ ರಬ್ಬರ್ ಎಳೆ, ಅದೂ ಆಗದಿದ್ದರೆ ಒಳಗೆ ಟ್ಯೂಬ್. ಪ್ಲಗ್ ಹಾಕುವ ಸೂಜಿ ಬ್ಯಾಗಿನ ತಳದಲ್ಲಲ್ಲ, ಹ್ಯಾಂಡಲ್ ತುದಿಯಲ್ಲೋ ಫ್ರೇಮಿನ ಮೇಲೋ ಕೈಗೆ ಸಿಗುವಂತಿರಬೇಕು. ಎರಡೂ ಸೈಕಲ್‌ನಲ್ಲಿ ಒಂದೇ ಜಾಗದಲ್ಲಿರಬೇಕು. ಹೊರಡುವ ಮೊದಲು ಬೆಂಗಳೂರಿನಲ್ಲೇ ಹಳೆಯ ಟೈರಿಗೆ ಮೊಳೆ ಹೊಡೆದು ಇಬ್ಬರಿಗೂ ಅಭ್ಯಾಸ ಮಾಡಿಸಿ.

ಊಟಕ್ಕೆ ಬರೋಣ. ಬೆಟ್ಟದ ಮೇಲೆ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೋಗಬೇಕು. ಮುಗಿದ ಮೇಲಿನ ಮೊದಲ ನಾಲ್ಕು ಗಂಟೆಯಲ್ಲಿ ದೇಹದ ಪ್ರತಿ ಕೆಜಿಗೆ ಗಂಟೆಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. 65 ಕೆಜಿಯವರಿಗೆ ಗಂಟೆಗೆ 65ರಿಂದ 78 ಗ್ರಾಂ. ಈ ಲೆಕ್ಕ ಕಾಗದದಲ್ಲಿ ಸುಲಭ. ನಿಜವಾದ ತೊಂದರೆ ಶುರುವಾಗುವುದು ಮೂರನೇ, ನಾಲ್ಕನೇ ದಿನ. ಸಿಹಿ ಕಂಡರೆ ವಾಕರಿಕೆ. ಜೆಲ್, ಬಾರ್, ಸಕ್ಕರೆ ನೀರು ಯಾವುದೂ ಬೇಡ. ನಾಲಿಗೆ ಉಪ್ಪು, ಹುಳಿ, ಖಾರ ಕೇಳುತ್ತದೆ. ರೇಸ್ ಊರಿನಲ್ಲಿ ಊಟ ಬೇಕಾದಷ್ಟು ಕೊಡುತ್ತಾರೆ, ಆದರೆ ದಣಿದ ಹೊಟ್ಟೆ ಮನೆಯ ರುಚಿಯನ್ನೇ ಒಪ್ಪುವುದು.

ಒಂದು ಚಿಕ್ಕ ರೈಸ್ ಕುಕ್ಕರ್ ಒಯ್ಯಿರಿ. ಅಕ್ಕಿ, ಮೊಸರು ಅಲ್ಲಿ ಎಲ್ಲಾ ಸೂಪರ್ ಮಾರ್ಕೆಟಿನಲ್ಲೂ ಸಿಗುತ್ತದೆ. ಬಂದ ತಕ್ಷಣ ಒಂದು ಬಟ್ಟಲು ಮೊಸರನ್ನ, ಉಪ್ಪು ಮುಂದಾಗಿ. ರಾತ್ರಿ ಕಡಿಮೆ ಖಾರದ ಚಿತ್ರಾನ್ನ. ಅದರಲ್ಲೇ ಸ್ವಲ್ಪ ತೆಗೆದು ಬೆಳಗ್ಗೆ ಒಯ್ಯಲು ಉಂಡೆ ಕಟ್ಟಬೇಡಿ, ಬಿಸಿಲಲ್ಲಿ ಅನ್ನ ಕೆಡುತ್ತದೆ. ಬೆಳಗ್ಗೆ ಹೊಸದಾಗಿ ಬೇಯಿಸಿದ ಚಿಕ್ಕ ಆಲೂಗಡ್ಡೆಗೆ ಉಪ್ಪು ಹಚ್ಚಿ ಕೊಡಿ. ಮೂರು ನಾಲ್ಕು ಸಣ್ಣ ಆಲೂಗಡ್ಡೆ ಜೇಬಿನಲ್ಲಿದ್ದರೆ ಒಂದು ಬಾರ್‌ಗಿಂತ ಸಲೀಸಾಗಿ ಇಳಿಯುತ್ತದೆ. ಉಪ್ಪಿನಕಾಯಿ ಬಗ್ಗೆ ಎಚ್ಚರಿಕೆ: ವಿಮಾನದಲ್ಲಿ ಒಯ್ಯುವ ಮೊದಲು ಆ ದೇಶದ ಆಹಾರ ನಿಯಮ ನೋಡಿಕೊಳ್ಳಿ. ಅಲ್ಲಿ ಭಾರತೀಯ ಮೂಲದವರು ತಲೆಮಾರುಗಳಿಂದ ಇದ್ದಾರೆ, ಮಾವಿನಕಾಯಿ ಅಚ್ಚಾರ್ ಅಲ್ಲಿಯೂ ಸಿಗುತ್ತದೆ.

ಈಗ ಆ ಮೂರನೆಯ ವಿಷಯ. ಜೋಡಿಯ ಸಂಬಂಧ.

ನಾನು ಕ್ರೂ ಆಗಿದ್ದ ಒಂದು ಜೋಡಿ, ಮಿಕ್ಸ್‌ಡ್ ವಿಭಾಗ, ಒಬ್ಬಾಕೆ ಒಬ್ಬಾತ. ಇಬ್ಬರೂ ವರ್ಷಗಳ ಗೆಳೆಯರು. ವಾರದ ನಡುವೆ ಒಂದು ದಿನ ಆತ ಇಪ್ಪತ್ತು ಮೀಟರ್ ಮುಂದೆ, ಆಕೆ ಹಿಂದೆ, ಗೆರೆ ದಾಟಿದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಎರಡು ಕುರ್ಚಿಯಲ್ಲಿ ಒಂದನ್ನು ಆತ ಎಳೆದುಕೊಂಡು ದೂರ ಹಾಕಿ ಕೂತ. "ನಾಳೆ ನಾನು ಹೊರಡಲ್ಲ" ಅಂದಳು ಆಕೆ, ನನಗೆ ಮಾತ್ರ ಕೇಳುವಂತೆ.

ಇಂಥ ಹೊತ್ತಲ್ಲಿ ಕ್ರೂ ಸಂಧಾನಕ್ಕೆ ಕೂರಬಾರದು. ಇಬ್ಬರನ್ನೂ ಕೂರಿಸಿ "ಮಾತಾಡ್ಕೊಳ್ಳಿ" ಅನ್ನಬಾರದು. ನಾನು ಆಕೆಯನ್ನು ಸ್ನಾನಕ್ಕೆ ಕಳಿಸಿದೆ, ಆತನನ್ನು ಮಸಾಜಿಗೆ. ಹೊಟ್ಟೆಗೆ ಸ್ವಲ್ಪ ಬಿದ್ದ ಮೇಲೆ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದೆ. ಯಾವ ನೀರಿನ ಪಾಯಿಂಟ್‌ನಲ್ಲಿ ಏನು ತಿಂದಿರಿ? ಆತ ಪಟ್ಟಿ ಹೇಳಿದ. ಆಕೆ ಎರಡನೇ ಪಾಯಿಂಟ್ ಆದ ಮೇಲೆ ಏನೂ ತಿಂದಿರಲಿಲ್ಲ. ಜೆಲ್ ಬಾಯಿಗಿಟ್ಟರೆ ವಾಂತಿ ಬರುವಂತಿತ್ತು. ಹೇಳಿದರೆ ತನ್ನಿಂದ ತಡ ಅಂತ ಆಗುತ್ತದೆ ಎಂದು ಹೇಳಿರಲಿಲ್ಲ. ಕೊನೆಯ ಎರಡು ಗಂಟೆ ಖಾಲಿ ಹೊಟ್ಟೆಯಲ್ಲಿ ತುಳಿದಿದ್ದಾಳೆ. ಆತನಿಗೆ ಕಂಡದ್ದು, ಈಕೆ ಪ್ರಯತ್ನವನ್ನೇ ಬಿಟ್ಟಿದ್ದಾಳೆ ಅಂತ. ಜಗಳ ಅನ್ನಿಸಿದ್ದು ಹಸಿವು.

ಮರುದಿನ ಆಕೆಯ ಜೇಬಿನಲ್ಲಿ ಆಲೂಗಡ್ಡೆ ಇತ್ತು. ಆತನಿಗೆ ಒಂದೇ ಕೆಲಸ ಕೊಟ್ಟೆ. ಅರ್ಧ ಗಂಟೆಗೊಮ್ಮೆ "ತಿಂದ್ಯಾ?" ಅಂತ ಕೇಳಬೇಕು, ಬೇರೇನೂ ಹೇಳಬಾರದು. ಮತ್ತು ಹತ್ತುವ ದಾರಿಯಲ್ಲಿ ಅವತ್ತು ಯಾರು ನಿಧಾನವೋ ಅವರು ಮುಂದೆ. ತಾವು ಮುಂದಿದ್ದು ವೇಗ ಹಿಡಿದರೆ ಹಿಂದಿನವರಿಗೆ ಅದು ಹಿತವಾಗುತ್ತದೆ ಅಂತ ಗಟ್ಟಿ ಸವಾರರು ಅಂದುಕೊಳ್ಳುತ್ತಾರೆ, ಹಾಗಾಗುವುದಿಲ್ಲ. ಮುಂದೆ ಹೋಗಿ ತಿರುಗಿ ನೋಡುತ್ತಾ ಕಾಯುವುದು ಅದಕ್ಕಿಂತ ಕೆಟ್ಟದ್ದು. ಕಾದವರಿಗೆ ಆ ಹೊತ್ತು ವಿಶ್ರಾಂತಿ ಸಿಗುತ್ತದೆ, ಹಿಂದಿನಿಂದ ಬಂದವರು ತಲುಪಿದ ತಕ್ಷಣ ಮತ್ತೆ ಹೊರಡಬೇಕು. ದಣಿದವರಿಗೇ ವಿಶ್ರಾಂತಿ ಇಲ್ಲ. ಇದು ಅನ್ಯಾಯ, ಮತ್ತು ಆ ಅನ್ಯಾಯ ದಿನ ದಿನವೂ ಸೇರುತ್ತಾ ಹೋಗುತ್ತದೆ. ಆ ಇಬ್ಬರೂ ರೇಸ್ ಮುಗಿಸಿದರು.

ಜೋಡಿ ಅಂದಾಗ ನನಗೆ ಕ್ರಿಸ್ಟಫ್ ಸೌಸರ್ ನೆನಪಾಗುತ್ತಾರೆ. ಸ್ವಿಟ್ಜರ್ಲೆಂಡಿನವರು, 2008ರ ವಿಶ್ವ ಚಾಂಪಿಯನ್. 2011 ಮತ್ತು 2012ರಲ್ಲಿ ದಕ್ಷಿಣ ಆಫ್ರಿಕಾದ ಬರಿ ಸ್ಟಾಂಡರ್ ಜೊತೆ ಕೇಪ್ ಎಪಿಕ್ ಗೆದ್ದರು. 2013ರ ಜನವರಿ 3ರಂದು ತರಬೇತಿಯಲ್ಲಿದ್ದಾಗ ಮಿನಿಬಸ್ ಟ್ಯಾಕ್ಸಿ ಹೊಡೆದು ಸ್ಟಾಂಡರ್ ತೀರಿಕೊಂಡರು. ಇಪ್ಪತ್ತೈದು ವರ್ಷ. ಎರಡೂವರೆ ತಿಂಗಳಲ್ಲಿ ರೇಸ್. ಸೌಸರ್ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಯಾರೊಸ್ಲಾವ್ ಕುಲ್ಹಾವಿ ಜೊತೆ ಹೊರಟರು, ತಂಡಕ್ಕೆ ಸ್ಟಾಂಡರ್ ಹೆಸರನ್ನೇ ಇಟ್ಟುಕೊಂಡು. ಗೆದ್ದರು. ಆ ವಾರ ಆ ತಂಡದ ಕ್ರೂ ಏನೇನು ಹೊತ್ತುಕೊಂಡಿರಬೇಕು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಅವರ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಇರುವುದಿಲ್ಲ.

ನಿದ್ದೆಯ ವಿಷಯದಲ್ಲಿ ನಮ್ಮವರಿಗೆ ಒಂದು ಲಾಭ ಇದೆ. ದಕ್ಷಿಣ ಆಫ್ರಿಕಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಏಳಾದರೆ ನಮ್ಮ ದೇಹಕ್ಕೆ ಹತ್ತೂವರೆ. ಬೇಗ ನಿದ್ದೆ ಬರುತ್ತದೆ, ಬೇಗ ಎಚ್ಚರ ಆಗುತ್ತದೆ. ರೇಸ್‌ಗೆ ಹೇಳಿ ಮಾಡಿಸಿದ ವೇಳೆ. ಅದನ್ನು ಸರಿಪಡಿಸಲು ಹೋಗಬೇಡಿ, ಹಾಗೇ ಇಟ್ಟುಕೊಳ್ಳಿ. ಮರುದಿನದ ದಾರಿ ವಿವರಿಸುವ ಸಂಜೆಯ ಬ್ರೀಫಿಂಗ್‌ಗೆ ಸವಾರರ ಬದಲು ಕ್ರೂ ಹೋಗಲಿ. ಬಂದು ಮೂರೇ ವಿಷಯ ಹೇಳಲಿ: ಎಲ್ಲಿ ಕಷ್ಟದ ಏರು, ಎಲ್ಲಿ ಅಪಾಯದ ಇಳಿಜಾರು, ನೀರು ಎಷ್ಟೆಷ್ಟು ಕಿಲೋಮೀಟರಿಗೆ. ಇದನ್ನೇ ಟೇಪಿನ ಮೇಲೆ ಬರೆದು ಸೈಕಲ್‌ಗೆ ಅಂಟಿಸಿದರೆ ಬೆಳಗ್ಗೆ ನೆನಪಿಟ್ಟುಕೊಳ್ಳುವ ಕೆಲಸವೂ ಇಲ್ಲ.

ಕ್ರೂ ನಿದ್ದೆ ಇನ್ನೂ ಮುಖ್ಯ. ಒಂದು ಊರಿಂದ ಇನ್ನೊಂದು ಊರಿಗೆ ಗಾಡಿ ಓಡಿಸುವವರು ನಾವು. ಅಲ್ಲಿಯೂ ನಮ್ಮಂತೆ ಎಡಗಡೆಯ ಓಡಾಟ, ರಸ್ತೆ ಚೆನ್ನಾಗಿದೆ, ಅದಕ್ಕೇ ಕಣ್ಣು ಎಳೆಯುತ್ತದೆ. ಸವಾರರು ಬೆಟ್ಟದ ಮೇಲಿರುವಾಗ ಎರಡು ಗಂಟೆ ಮಲಗುವುದು ಸೋಮಾರಿತನ ಅಲ್ಲ, ಕೆಲಸದ ಭಾಗ.

ನಮ್ಮ ದೇಶದಲ್ಲೂ ಇಂಥ ರೇಸ್ ಇದೆ. ಶಿಮ್ಲಾದಲ್ಲಿ ಬೇರೂರಿರುವ ಎಂಟಿಬಿ ಹಿಮಾಲಯ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಲ್ಲಿ ಚಳಿ, ಎತ್ತರ, ಅಂಗಡಿಯಿಲ್ಲದ ಕ್ಯಾಂಪ್. ಬಿಡಿಭಾಗ ಇನ್ನೂ ಜಾಸ್ತಿ ಹೊರಬೇಕು. ಉಳಿದದ್ದೆಲ್ಲ ಇದೇ.

ಪ್ರಶ್ನೆಗಳಲ್ಲಿ ಮೊದಲನೆಯದು: ಕ್ರೂ ಆಗಲು ಸೈಕಲ್ ರಿಪೇರಿ ಗೊತ್ತಿರಲೇಬೇಕಾ?

ಬೇಡ. ಮೆಕ್ಯಾನಿಕ್ ಸೇವೆಯನ್ನು ರೇಸ್ ಊರಿನಲ್ಲಿ ಹಣ ಕೊಟ್ಟು ಪಡೆಯಬಹುದು. ಮಸಾಜ್ ಕೂಡ. ಹಣ ಕೊಟ್ಟು ಸಿಗದಿರುವುದು ನಿಮ್ಮ ಸವಾರರ ಮುಖ ನೋಡಿ ವ್ಯತ್ಯಾಸ ಹಿಡಿಯುವವರು. ಅಕ್ಕನೋ ತಮ್ಮನೋ ಗೆಳತಿಯೋ ಆಗಬಹುದು. ಆದರೆ ಒಂದು ಮಾತು. ಗಂಡ ಅಥವಾ ಹೆಂಡತಿ ಬಂದರೆ, ತಮ್ಮವರನ್ನೊಬ್ಬರನ್ನೇ ನೋಡಿಕೊಳ್ಳದೆ ಇಬ್ಬರಿಗೂ ಸಮನಾಗಿ ಬಡಿಸುವ ಮನಸ್ಸಿರಬೇಕು.

ಎರಡನೆಯದು: ಒಬ್ಬರು ಅರ್ಧದಲ್ಲಿ ನಿಂತರೆ ಇನ್ನೊಬ್ಬರು ಏನು ಮಾಡಬೇಕು?

ಉಳಿದವರು ಒಂಟಿಯಾಗಿ ಮುಂದುವರಿಯಬಹುದು, ತಂಡದ ಫಲಿತಾಂಶ ಮಾತ್ರ ಇರುವುದಿಲ್ಲ. ಇದನ್ನು ಆ ಸಂಜೆ ಚರ್ಚೆ ಮಾಡಬಾರದು. ನಾನು ಬೆಂಗಳೂರು ಬಿಡುವ ಮೊದಲೇ ಇಬ್ಬರಿಂದಲೂ ಬೇರೆ ಬೇರೆ ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ. ನಾನು ನಿಂತರೆ ನನ್ನ ಜೊತೆಗಾರ ಮುಂದುವರಿಯಲಿ ಅಂತ ಬಯಸುತ್ತೇನಾ? ಹೆಚ್ಚಿನವರು ಹೌದು ಅಂತ ಬರೆಯುತ್ತಾರೆ. ಕಾಗದ ನನ್ನ ಹತ್ತಿರ ಇರುತ್ತದೆ. ತಲೆಗೆ ಪೆಟ್ಟು ಬಿದ್ದು ಹೆಲ್ಮೆಟ್ ಸೀಳಿದ್ದರೆ ಯಾವ ಕಾಗದವೂ ಲೆಕ್ಕಕ್ಕಿಲ್ಲ. ಅಲ್ಲಿ ಡಾಕ್ಟರ್ ಹೇಳಿದ್ದೇ ಕೊನೆ. ಅವರನ್ನು ಆ ದಿನ ಮತ್ತೆ ಸೈಕಲ್ ಹತ್ತಿಸುವುದಿಲ್ಲ, ಎಷ್ಟೇ ಅತ್ತರೂ. ಇದೇ ಕಾರಣಕ್ಕೆ ಕ್ರೂ ಕನಿಷ್ಠ ಇಬ್ಬರಿರಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಒಬ್ಬರು ಆಸ್ಪತ್ರೆಗೆ ಹೋಗುವವರ ಜೊತೆ, ಇನ್ನೊಬ್ಬರು ಬೆಳಗ್ಗೆ ಏಳಕ್ಕೆ ಒಂಟಿಯಾಗಿ ಹೊರಡುವವರ ಜೊತೆ.